ನಡುವೆ ಆರಿಹೋಗುವ ಸಿಗಾರ್

ಅಂಗಡಿಯ ಮ್ಯಾನೇಜರ್ ಆ ಸಿಗಾರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದರು. ಬಿಚ್ಚಿ ಮೇಜಿನ ಮೇಲಿಟ್ಟಾಗ ನನಗೆ ಮೊದಲು ಬಂದದ್ದು ನಗು. ಅದರ ಒಂದು ಪಕ್ಕ ಅರ್ಧದವರೆಗೂ ಉರಿದು ಬೂದಿಯಾಗಿತ್ತು, ಇನ್ನೊಂದು ಪಕ್ಕಕ್ಕೆ ಬೆಂಕಿ ತಾಕಿದ ಗುರುತೇ ಇರಲಿಲ್ಲ. ಒಂದು ಕಡೆಯ ಮೀಸೆ ಮಾತ್ರ ಬೋಳಿಸಿಕೊಂಡು ಕ್ಷೌರದಂಗಡಿಯಿಂದ ಎದ್ದು ಬಂದವನ ಹಾಗೆ ಕಾಣುತ್ತಿತ್ತು. ಮ್ಯಾನೇಜರ್ ನಗುವ ಸ್ಥಿತಿಯಲ್ಲಿರಲಿಲ್ಲ.

"ಕೆಲವು ಹೀಗೆ ಒಂದೇ ಸೈಡ್ ಉರಿಯತ್ತೆ ಮೇಡಂ. ಕೆಲವು ಎಷ್ಟು ಎಳೆದ್ರೂ ಹೊಗೆ ಬರಲ್ಲ, ಅರ್ಧಕ್ಕೆ ಆರೋಗತ್ತೆ. ಕಸ್ಟಮರ್ಸ್ ತಂದು ನನ್ನ ಮುಖಕ್ಕೆ ಹಿಡೀತಾರೆ. ಉಳಿದ ಡಬ್ಬಿಗಳನ್ನೆಲ್ಲ ವಾಪಸ್ ತಂದಿದೀನಿ," ಎಂದರು. ದೊಡ್ಡ ಹೋಟೆಲೊಂದರ ಒಳಗಿನ ಸಿಗಾರ್ ಅಂಗಡಿ ಅವರದು. ನಾವು ಮಾಡಿದ್ದರಲ್ಲಿ ಹೆಚ್ಚಿನ ಪಾಲನ್ನು ಕೊಳ್ಳುತ್ತಿದ್ದವರೂ ಅವರೇ.

ನಾನಿದ್ದದ್ದು ಚಾಮರಾಜಪೇಟೆಯ ಒಂದು ಹೊಗೆಸೊಪ್ಪಿನ ಮಂಡಿಯಲ್ಲಿ. ಮುಂಭಾಗದಲ್ಲಿ ಎಲೆಯ ವ್ಯಾಪಾರ. ಹಿಂದಿನ ಉದ್ದನೆಯ ಕೋಣೆಯಲ್ಲಿ ಸಿಗಾರ್ ಸುತ್ತುವ ಐದು ಮಣೆ, ಅವುಗಳ ಮುಂದೆ ಕುರ್ಚಿ ಹಾಕಿ ಕೂತ ಐದು ಹೆಂಗಸರು. ಅವರು ಸುತ್ತಿದ ಸಿಗಾರುಗಳನ್ನು ನೋಡಿ, ಅಳೆದು, ಡಬ್ಬಿಗೆ ತುಂಬಿಸುವುದು ನನ್ನ ಕೆಲಸ. ನಾನು ಸಿಗಾರ್ ಸೇದುವವಳಲ್ಲ. ಆ ಹೆಂಗಸರೂ ಅಲ್ಲ. ಹಣೆಯ ತುಂಬ ವಿಭೂತಿ ಧರಿಸಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಯಜಮಾನರಂತೂ, "ಮೂರು ತಲೆಮಾರಿಂದ ಹೊಗೆಸೊಪ್ಪು ಮಾರ್ತಿದೀವಿ, ಒಬ್ರೂ ಬಾಯಿಗಿಟ್ಟಿಲ್ಲ," ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು. ಸಿಗಾರ್ ತಯಾರಾಗುವ ಆ ಇಡೀ ಕಟ್ಟಡದಲ್ಲಿ ಅದು ಹೇಗೆ ಉರಿಯುತ್ತದೆಂದು ಬಲ್ಲವರು ಒಬ್ಬರೂ ಇರಲಿಲ್ಲ. ಈಗ ನೆನೆಸಿಕೊಂಡರೆ ಉಪ್ಪಿನ ರುಚಿ ನೋಡದೆಯೇ ಮದುವೆ ಅಡುಗೆಗೆ ಇಳಿದಂತಿತ್ತು ನಮ್ಮ ಕಾರ್ಖಾನೆ.

ಮ್ಯಾನೇಜರ್ ಹೋದ ಮೇಲೆ ಯಜಮಾನರು ನನ್ನನ್ನು ಕರೆದರು. ಅವರು ಕೂಗಾಡುವವರಲ್ಲ. "ನೋಡಮ್ಮ, ಮುಂದಿನ ಲಾಟೂ ಹೀಗೇ ವಾಪಸ್ ಬಂದ್ರೆ ಈ ಮಣೆಗಳನ್ನೆಲ್ಲ ಎತ್ತಿಸಿಬಿಡ್ತೀನಿ. ನಾವು ಎಲೆ ಮಾರೋರು, ಎಲೆ ಮಾರ್ಕೊಂಡೇ ಇರ್ತೀನಿ. ಅಷ್ಟರೊಳಗೆ ಏನು ಅಂತ ಕಂಡುಹಿಡಿದ್ರೆ ಸರಿ."

ಕೋಣೆಗಳ ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ, ಆ ಮಾತು ಒಳಗೂ ಕೇಳಿಸಿತ್ತು. ನಾನು ಹಿಂದಕ್ಕೆ ಹೋದಾಗ ಐದು ಜನರೂ ತಲೆ ಬಗ್ಗಿಸಿ ಸುತ್ತುತ್ತಿದ್ದರು. ಅವರಲ್ಲಿ ಹಿರಿಯರನ್ನು ಎಲ್ಲರೂ ಹೂವಿನಕ್ಕ ಎನ್ನುತ್ತಿದ್ದರು. ಇಲ್ಲಿಗೆ ಬರುವ ಮೊದಲು ಅವರು ಬಸವನಗುಡಿಯ ಒಂದು ದೇವಸ್ಥಾನದ ಎದುರಿನ ಫುಟ್‌ಪಾತಿನಲ್ಲಿ ಹೂ ಕಟ್ಟಿ ಮಾರುತ್ತಿದ್ದರು. ಅವರೊಬ್ಬರೇ ತಲೆ ಎತ್ತಿ ಕೇಳಿದರು: "ಎತ್ತಿಸ್ಬಿಡ್ತಾರಾ ಮೇಡಂ?"

"ನೋಡೋಣ ಇರಿ ಅಕ್ಕ," ಎಂದೆ.

ಸುತ್ತುವುದನ್ನು ಕಲಿಸಿದ ಮೇಸ್ತ್ರಿ ಒಂದಷ್ಟು ಕಾಲ ಇದ್ದು ತಮಿಳುನಾಡಿನ ತಮ್ಮ ಊರಿಗೆ ವಾಪಸಾಗಿದ್ದರು. ಫೋನ್ ಮಾಡಿದೆ. "ಸೇದೋರಿಗೆ ಹಚ್ಚಕ್ ಬರಲ್ಲಮ್ಮ. ಒಂದೇ ಕಡೆ ಬೆಂಕಿ ತೋರಿಸ್ತಾರೆ, ಒಂದೇ ಕಡೆ ಉರೀತದೆ," ಎಂದು ಮುಗಿಸಿಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾತಿನಲ್ಲಿ ಒಂದಿಷ್ಟು ನಿಜ ಇದ್ದಿರಬಹುದು. ಆದರೆ ದಿನಾ ಸಿಗಾರ್ ಸೇದುವವರೆಲ್ಲ ಒಂದೇ ಸಲಕ್ಕೆ ಕಡ್ಡಿ ಗೀರುವುದನ್ನು ಮರೆತರು ಎಂದರೆ ನಂಬುವುದು ಕಷ್ಟ.

ನನಗೆ ಮೊದಲು ಅನುಮಾನ ಬಂದದ್ದು ತೇವದ ಮೇಲೆ. ಆಷಾಢದ ಜಿಟಿಜಿಟಿ ಮಳೆ ಹಿಡಿದಿತ್ತು, ಮನೆಯಲ್ಲಿ ಹಪ್ಪಳ ಕೂಡ ಮೆತ್ತಗಾಗಿದ್ದವು. ಹೊಗೆಸೊಪ್ಪು ಗಾಳಿಯ ನೀರನ್ನು ಕುಡಿಯುತ್ತದೆ. ಹೆಚ್ಚು ಕುಡಿದರೆ ಊದಿಕೊಂಡು ಹೊಗೆಯ ದಾರಿ ಕಟ್ಟುತ್ತದೆ, ಒದ್ದೆಯಿರುವ ಪಕ್ಕ ಉರಿಯದೆ ಹಿಂದೆ ಉಳಿಯುತ್ತದೆ. ಡಬ್ಬಿಗಳನ್ನಿಡುವ ಕೋಣೆಯಲ್ಲಿ ತೇವ ತೋರಿಸುವ ಮೀಟರ್ ಇತ್ತು. ಅದು ಸರಿಯಾಗೇ ಇದೆ ಎನ್ನುತ್ತಿತ್ತು. ಆದರೆ ಮೀಟರ್ ಸರಿಯಾಗಿದೆಯೇ ಎಂದು ಕೇಳಿದವರು ಯಾರೂ ಇರಲಿಲ್ಲ.

ಅದನ್ನು ನೋಡುವ ಉಪಾಯ ಅಡುಗೆಮನೆಯದೇ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾಗುವ ಹಾಗೆ ನೀರು ಚಿಮುಕಿಸಿ, ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯೊಳಗೆ ಮುಚ್ಚಿಡಬೇಕು. ಒಂದು ದಿನ ಬಿಟ್ಟು ನೋಡಿದರೆ ಮೀಟರ್ ಎಪ್ಪತ್ತೈದು ತೋರಿಸಬೇಕು. ನಮ್ಮದು ಅರವತ್ತಾರು ತೋರಿಸಿತು. ಅಂದರೆ ಇಷ್ಟು ದಿನ ಅದು ಹೇಳುತ್ತಿದ್ದುದಕ್ಕಿಂತ ಹೆಚ್ಚು ತೇವದಲ್ಲಿ ನಮ್ಮ ಸಿಗಾರುಗಳು ನೆನೆಯುತ್ತಿದ್ದವು. ನನಗೆ ಆದ ಖುಷಿ ಇಷ್ಟಿಷ್ಟಲ್ಲ. ಕಾರಣ ಸಿಕ್ಕೇಬಿಟ್ಟಿತು ಎಂದು ಯಜಮಾನರಿಗೆ ಹೇಳಿ, ಕೋಣೆಯನ್ನು ಒಣಗಿಸಿ, ಡಬ್ಬಿಗಳ ಮುಚ್ಚಳ ತೆಗೆದಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೂ ಕಾದೆ. ಆಮೇಲೆ ಕೆಲವನ್ನು ಮ್ಯಾನೇಜರಿಗೆ ಪರೀಕ್ಷೆಗೆ ಕಳಿಸಿದೆ.

ಅವರ ಫೋನ್ ಬಂತು. "ಮೇಡಂ, ಒಂದೇ ಸೈಡ್ ಉರಿಯೋದು ಕಮ್ಮಿ ಆಗಿದೆ. ಆದ್ರೆ ಎಳೆಯೋಕೆ ಬಿಗಿ ಇರೋದು ಹಾಗೇ ಇದೆ. ಅರ್ಧದವರೆಗೂ ಚೆನ್ನಾಗಿ ಬರತ್ತೆ, ಅಲ್ಲಿ ಸೊಟ್ಟಗಾಗಿ ಆರೋಗತ್ತೆ. ಎಲ್ಲ ಅಲ್ಲ, ಕೆಲವು."

ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ್ದೆ. ಆದರೂ ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ನನಗೆ ಕುತೂಹಲವೇ ಹೆಚ್ಚಾಗಿತ್ತು. ತೇವ ಎಲ್ಲವನ್ನೂ ಒಂದೇ ರೀತಿ ಕೆಡಿಸುತ್ತದೆ. ಕೆಲವನ್ನು ಮಾತ್ರ, ಅದೂ ಅರ್ಧದಲ್ಲೇ ಕೆಡಿಸುವುದು ಯಾವುದು?

ಬಿಗಿಯಾದವನ್ನು ಸುಡದೆಯೇ ಬೇರ್ಪಡಿಸಲು ಒಂದು ಸಾಧನ ಬೇಕಿತ್ತು. ಬಾಯಲ್ಲಿಟ್ಟು ಎಳೆದು ನೋಡಲು ನನ್ನಿಂದ ಆಗದು. ಎಳೆದರೂ ಊದಿದರೂ ಅಡ್ಡಿ ಒಂದೇ ತಾನೇ ಎಂದುಕೊಂಡು, ಮೀನಿನ ತೊಟ್ಟಿಗೆ ಗಾಳಿ ಬಿಡುವ ಪುಟ್ಟ ಪಂಪು ತಂದೆ. ಅದರ ನಳಿಗೆಯನ್ನು ಎರಡಾಗಿ ಕವಲೊಡೆಸಿ ಒಂದು ಕವಲನ್ನು ಸಿಗಾರಿನ ತುದಿಗೆ ಸಿಕ್ಕಿಸಿದೆ. ಇನ್ನೊಂದನ್ನು ಗಾರೆ ಕೆಲಸದವರು ಮಟ್ಟ ನೋಡಲು ಬಳಸುವಂಥ ಪಾರದರ್ಶಕ ಪೈಪಿಗೆ ಸೇರಿಸಿ, ಅದರಲ್ಲಿ ಕುಂಕುಮ ಕದಡಿದ ನೀರು ತುಂಬಿದೆ. ಸಿಗಾರ್ ಸಡಿಲವಿದ್ದರೆ ಗಾಳಿ ಅದರೊಳಗಿಂದ ಹೋಗಿಬಿಡುತ್ತದೆ, ನೀರು ಕದಲುವುದಿಲ್ಲ. ಬಿಗಿ ಇದ್ದರೆ ಗಾಳಿಗೆ ದಾರಿಯಿಲ್ಲದೆ ನೀರನ್ನು ಮೇಲಕ್ಕೆ ತಳ್ಳುತ್ತದೆ.

"ಮೇಡಂ ಸಿಗಾರ್‌ಗೆ ಬಿಪಿ ನೋಡ್ತಾವ್ರೆ," ಎಂದರು ಹೂವಿನಕ್ಕ. ಕೋಣೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತು.

ವಾಪಸ್ ಬಂದಿದ್ದ ಡಬ್ಬಿಗಳನ್ನೆಲ್ಲ ಹಾಗೆ ನೋಡಿ ಮುಗಿಸಿದೆ. ಆ ದಿನಗಳಲ್ಲಿ ಸಂಜೆ ಮೆಟ್ರೋದಲ್ಲಿ ಮಲ್ಲೇಶ್ವರಕ್ಕೆ ವಾಪಸಾಗುವಾಗ, ಸಂಪಿಗೆ ರಸ್ತೆ ನಿಲ್ದಾಣ ಬರುವಷ್ಟರಲ್ಲಿ ನನ್ನ ಅಕ್ಕಪಕ್ಕದ ಸೀಟುಗಳು ಖಾಲಿಯಾಗಿರುತ್ತಿದ್ದವು. ನನ್ನ ಬಟ್ಟೆಯ ಹೊಗೆಸೊಪ್ಪಿನ ವಾಸನೆಗೆ ಜನ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ನನ್ನ ತಲೆಯೊಳಗೆ ಮಾತ್ರ ಕೆಂಪು ನೀರು ಏರುತ್ತ ಇಳಿಯುತ್ತ ಇತ್ತು.

ಬಿಗಿಯಾದವು ಬೇರೆಯಾದ ಮೇಲೆ ಯಜಮಾನರು ಕೇಳಿದ ಮೊದಲ ಪ್ರಶ್ನೆ: "ಇವು ಯಾರು ಸುತ್ತಿದ್ದು?"

ಅದು ಗೊತ್ತಾಗುವಂತಿರಲಿಲ್ಲ. ಕೆಲಸ ಶುರುವಾದಾಗಲೇ ಐದು ಜನರೂ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಯಾರು ಎಷ್ಟು ಸುತ್ತಿದರೂ ಎಲ್ಲ ಒಂದೇ ಬುಟ್ಟಿಗೆ ಬೀಳಬೇಕು, ಬಂದದ್ದು ಸಮಪಾಲು. ಒಬ್ಬರಿಗೆ ಜ್ವರ, ಒಬ್ಬರಿಗೆ ಮನೆಯಲ್ಲಿ ನೀರು ಬಾರದ ದಿನ, ಉಳಿದವರು ಸೇರಿಸಿ ಸುತ್ತುತ್ತಿದ್ದರು. ಅದಕ್ಕೇ ಯಾವ ಸಿಗಾರಿನ ಮೇಲೂ ಯಾರ ಗುರುತೂ ಇರಲಿಲ್ಲ.

"ಇವತ್ತಿಂದ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚೀಟಿ ಕೊಡಿ. ಯಾರದು ಕೆಟ್ಟಿರತ್ತೋ ಅವರನ್ನ ಬಿಡೋಣ. ಉಳಿದವರಾದ್ರೂ ಉಳೀತಾರೆ," ಎಂದರು ಯಜಮಾನರು. ವ್ಯಾಪಾರಸ್ಥರ ಲೆಕ್ಕದಲ್ಲಿ ಅದು ಸರಿಯೇ. ಆದರೆ ನನಗೆ ಹಿಡಿಸಲಿಲ್ಲ. ಯಾರು ಎಂಬುದಕ್ಕಿಂತ ಹೇಗೆ ಎಂಬುದು ಮೊದಲು ತಿಳಿಯಬೇಕು ಎನ್ನಿಸಿತು. "ಒಂದೆರಡು ದಿನ ತಡೀರಿ ಸಾರ್, ಕೊಯ್ದು ನೋಡ್ತೀನಿ," ಎಂದೆ.

ಸಿಗಾರಿನೊಳಗೆ ಇರುವುದು ಬಹಳವೇನಲ್ಲ. ನಡುನಾರು ತೆಗೆದ ಎಲೆಗಳನ್ನು ಉದ್ದಕ್ಕೆ ಸೇರಿಸಿ ಹಿಡಿದರೆ ತಿರುಳು. ಅದರ ಸುತ್ತ ಒಂದು ಕಟ್ಟೆಲೆ. ಆಮೇಲೆ ಮರದ ಅಚ್ಚಿನೊಳಗೆ ಒತ್ತಿಟ್ಟು, ಕೊನೆಗೆ ನಯವಾದ ಹೊರ ಎಲೆ. ಬಿಗಿಯಾದ ಒಂದನ್ನು ಉದ್ದಕ್ಕೆ ಸೀಳಿದೆ. ನಟ್ಟನಡುವೆ ಗಂಟಿನಂಥ ದಪ್ಪ ಕಾಣಿಸಿತು. ಇನ್ನೊಂದನ್ನು ಸೀಳಿದೆ, ಅಲ್ಲೂ ನಡುವೆಯೇ. ಅಚ್ಚು ಹೊರಗಿನಿಂದ ನುಣ್ಣಗೆ ಒತ್ತಿಬಿಡುತ್ತಿದ್ದುದರಿಂದ ಬೆರಳಿಗೆ ಸಿಗುತ್ತಿರಲಿಲ್ಲ. ಮೂರನೆಯದನ್ನು ಸೀಳದೆ ಒದ್ದೆ ಬಟ್ಟೆಯಲ್ಲಿಟ್ಟು, ಮೆತ್ತಗಾದ ಮೇಲೆ ಒಂದೊಂದೇ ಎಲೆ ಬಿಡಿಸಿ, ಇದ್ದ ಹಾಗೆಯೇ ಹಳೆಯ ಪೇಪರಿನ ಮೇಲೆ ಹರಡಿದೆ.

ಎರಡು ಎಲೆಯ ತುದಿ ಆ ಕಡೆಗೆ, ಎರಡು ಎಲೆಯ ತುದಿ ಈ ಕಡೆಗೆ. ನಾಲ್ಕರ ಬುಡಗಳೂ ನಡುವೆ ಒಂದರ ಮೇಲೊಂದು.

ನಾನು ಹಾಗೇ ನೋಡುತ್ತ ಕುಳಿತೆ. ಇದು ನನಗೆ ಗೊತ್ತಿದ್ದ ಜೋಡಣೆ. ಈ ಊರಿನಲ್ಲಿ ಬೆಳೆದ ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಮಲ್ಲಿಗೆ ಮೊಗ್ಗು ಎರಡು ಆ ಕಡೆ, ಎರಡು ಈ ಕಡೆ ಇಟ್ಟು, ತೊಟ್ಟುಗಳು ನಡುವೆ ಕೂಡುವಲ್ಲಿ ದಾರದ ಕುಣಿಕೆ ಬಿಗಿಯುವುದು. ಹೂವಿಗೆ ಅದೇ ಸರಿ. ಎಲೆಗೆ ಅದೇ ಕೇಡು. ಎಲೆಯ ಬುಡದಲ್ಲಿ ನರಗಳು ದಪ್ಪ, ಅವು ನಿಧಾನಕ್ಕೆ ಉರಿಯುತ್ತವೆ. ನಾಲ್ಕು ಬುಡ ಒಂದೇ ಜಾಗದಲ್ಲಿ ಕೂಡಿದರೆ ಹೊಗೆಗೆ ದಾರಿಯಿಲ್ಲ, ಬೆಂಕಿ ಪಕ್ಕಕ್ಕೆ ಹೊರಳಿ ಆರುತ್ತದೆ. ಎಲೆಯ ತುದಿಗಳೆಲ್ಲ ಹಚ್ಚುವ ಕಡೆಗೇ ಇರಬೇಕು ಎಂದು ಮೇಸ್ತ್ರಿ ಕಲಿಸಿದ್ದರು. ಆದರೆ ಆಗ ಬರುತ್ತಿದ್ದ ಎಲೆ ಉದ್ದವಾಗಿತ್ತು. ಹೊಸ ಲಾಟಿನ ಎಲೆ ಗಿಡ್ಡ, ಒಂದಕ್ಕೊಂದು ಜೋಡಿಸದೆ ಅಳತೆಗೆ ಬಾರದು. ಹೇಗೆ ಜೋಡಿಸಬೇಕೆಂದು ಹೇಳಿಕೊಡುವವರು ಇರಲಿಲ್ಲ.

ಹೂವಿನ ಕೈ ಯಾರದೆಂದು ಹೇಳಲು ಬಣ್ಣದ ಚೀಟಿ ಬೇಕಿರಲಿಲ್ಲ. ಕಂಡುಹಿಡಿದೆ ಎಂಬ ಸಂತೋಷ ಅರೆಗಳಿಗೆಯೂ ಉಳಿಯಲಿಲ್ಲ. ಯಜಮಾನರ ಮುಂದೆ ಹೋಗಿ ಹೆಸರು ಹೇಳಿದರೆ ಆ ಸಂಜೆಯೇ ಒಂದು ಕುರ್ಚಿ ಖಾಲಿಯಾಗುತ್ತಿತ್ತು. ಹೇಳದೆ ಮುಚ್ಚಿಟ್ಟರೆ ಐದೂ ಹೋಗುತ್ತಿದ್ದವು. ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಇವರಲ್ಲಿ ಒಬ್ಬರೂ ತಾವು ಸುತ್ತಿದ ಸಿಗಾರ್ ಉರಿಯುವುದನ್ನು ಕಂಡವರಲ್ಲ. ನಾನು ಯಾರಿಗೂ ಏನೂ ಹೇಳುವುದು ಬೇಡ, ಅವರೇ ನೋಡಲಿ.

ಎಲೆ ಇರುವಲ್ಲಿ ಕಡ್ಡಿ ಗೀರುವಂತಿಲ್ಲ. ಯಜಮಾನರನ್ನು ಒಪ್ಪಿಸಿ ಎಲ್ಲರನ್ನೂ ತಾರಸಿಗೆ ಕರೆದುಕೊಂಡು ಹೋದೆ. ಗಾಳಿಗೆ ಉರಿ ಸೊಟ್ಟಗಾಗಬಾರದೆಂದು ನೀರಿನ ಟ್ಯಾಂಕಿನ ಮರೆಯಲ್ಲಿ ರಟ್ಟು ನಿಲ್ಲಿಸಿ, ಔಷಧಿ ಅಂಗಡಿಯಿಂದ ತಂದ ದೊಡ್ಡ ಸಿರಿಂಜಿಗೆ ನಳಿಗೆಯಿಂದ ಸಿಗಾರ್ ಜೋಡಿಸಿದೆ. ಮೊದಲು ಸಡಿಲವಾದದ್ದು. ತುದಿಯನ್ನು ಸುತ್ತಲೂ ತಿರುಗಿಸಿ ಹಚ್ಚಿ, ಸಿರಿಂಜಿನ ಹಿಡಿ ಎಳೆದೆ. ಒಳಗೆ ಬೆಳ್ಳಗೆ ಹೊಗೆ ತುಂಬಿತು.

"ಇಷ್ಟೇನಾ? ಇದಕ್ಕಾ ಅಷ್ಟು ದೊಡ್ಡೋರು ಬಡ್ಕೊಳೋದು?" ಎಂದಳು ಐವರಲ್ಲಿ ಕಿರಿಯಳು. ಮತ್ತೊಬ್ಬಳು ಮೂಗು ಮುಚ್ಚಿಕೊಂಡು ಹತ್ತಿರ ಬಂದು, ಬೂದಿ ಬೀಳದೆ ನಿಂತಿರುವುದನ್ನು ಬಗ್ಗಿ ನೋಡಿದಳು. ಅದು ಸಮನಾಗಿ ಉರಿಯುತ್ತ ಹೋಯಿತು.

ಆಮೇಲೆ ಬಿಗಿಯಾದದ್ದನ್ನು ಹಚ್ಚಿದೆ. ಮೊದಮೊದಲು ವ್ಯತ್ಯಾಸ ಕಾಣಲಿಲ್ಲ. ಅರ್ಧ ಹತ್ತಿರವಾದಂತೆ ಸಿರಿಂಜಿನ ಹಿಡಿ ನನ್ನ ಕೈಯಲ್ಲಿ ಗಟ್ಟಿಯಾಯಿತು. ಉರಿಯ ಗೆರೆ ಒಂದು ಪಕ್ಕಕ್ಕೆ ವಾಲಿತು. ಹೊಗೆ ಸಣ್ಣದಾಯಿತು, ನಿಂತಿತು.

"ಕೊಡಿ ಮೇಡಂ ಇಲ್ಲಿ," ಎಂದು ಹೂವಿನಕ್ಕ ಕೈ ಚಾಚಿದರು. ಸುಟ್ಟ ತುದಿಯನ್ನು ಗೋಡೆಗೆ ಒತ್ತಿ ಮುರಿದು, ಉಗುರಿನಿಂದಲೇ ಉಳಿದದ್ದನ್ನು ಸೀಳಿದರು. ನಡುವಿನ ಗಂಟನ್ನು ಬೆರಳಿನಿಂದ ಒತ್ತಿದರು.

"ಇದು ಹೂವಿನ ಕೈ. ನಂದೇ."

"ನಿಂದೊಬ್ಬಳದೇ ಯಾಕಕ್ಕ?" ಎಂದಳು ಕಿರಿಯಳು. "ಎಲೆ ಗಿಡ್ಡ ಬಂದಾಗ ಹೆಂಗ್ ಸೇರಿಸೋದು ಅಂತ ನಿನ್ನೇ ಕೇಳಿದ್ವಲ್ಲ. ನಾನೂ ಹಿಂಗೇ ಇಡ್ತೀನಿ." ಇನ್ನೊಬ್ಬಳೂ ತಲೆಯಾಡಿಸಿದಳು.

ಚೀಟಿ ಅಂಟಿಸಿದ್ದರೆ ಐದರಲ್ಲಿ ಮೂರು ಮಣೆ ಖಾಲಿಯಾಗುತ್ತಿದ್ದವು ಎಂದು ನನಗೆ ಹೊಳೆದದ್ದು ಆಗ. ಹೂವಿನಕ್ಕ ಮಾತ್ರ ಇನ್ನೂ ಆ ಗಂಟನ್ನೇ ನೋಡುತ್ತಿದ್ದರು. "ನಾ ಕಟ್ಟಿದ್ ಹೂ ಯಾವತ್ತೂ ನನ್ ಕಣ್ಮುಂದೆ ಬಾಡಿಲ್ಲ ಮೇಡಂ. ಯಾರೋ ತಗೊಂಡು ಹೋಗ್ತಿದ್ರು, ಅಷ್ಟೇ," ಎಂದರು.

ಮರುದಿನದಿಂದ ಹೊಸ ಕ್ರಮ. ಎಲೆಗಳ ದಪ್ಪ ಬುಡವನ್ನು ಕತ್ತರಿಸಿ ತೆಗೆಯುವುದು, ತುದಿಗಳನ್ನೆಲ್ಲ ಒಂದೇ ಕಡೆಗೆ ಇಡುವುದು, ಜೋಡಣೆಗಳು ಒಂದೇ ಜಾಗದಲ್ಲಿ ಬೀಳದ ಹಾಗೆ ಇಟ್ಟಿಗೆ ಗೋಡೆಯಂತೆ ಹಿಂದೆಮುಂದೆ ಮಾಡುವುದು. ಹೂವಿನ ಹಾಗೆ ಜೋಡಿಸುತ್ತಿದ್ದ ಉಳಿದಿಬ್ಬರು ಬೇಗ ಹಿಡಿದುಕೊಂಡರು. ಹೂವಿನಕ್ಕನಿಗೆ ಆಗಲಿಲ್ಲ. ಕಣ್ಣಿಟ್ಟು ಮಾಡುವಾಗ ಸರಿಯಾಗಿ ಬರುತ್ತಿತ್ತು. ಪಕ್ಕದವರ ಜೊತೆ ನಾಲ್ಕು ಮಾತಾಡಿದರೆ ಸಾಕು, ಬೆರಳುಗಳು ತಾವಾಗಿಯೇ ಎರಡು ಆ ಕಡೆ, ಎರಡು ಈ ಕಡೆ ಇಟ್ಟುಬಿಡುತ್ತಿದ್ದವು. ನನ್ನ ಪೈಪಿನಲ್ಲಿ ಕೆಂಪು ನೀರು ಏರುತ್ತಿತ್ತು. ಅವರು ಮಾತು ಬಿಟ್ಟು ಬಾಯಿ ಬಿಗಿದುಕೊಂಡು ಸುತ್ತಿದರು. ಎರಡೂ ಕೈಗೆ ಎಲೆ ಸಿಗದ ಹಾಗೆ ರಾಶಿಯನ್ನು ಒಂದೇ ಪಕ್ಕಕ್ಕೆ ಇಡಿಸಿದೆ. ಸಂಜೆಯ ಹೊತ್ತಿಗೆ ಸುಧಾರಿಸುತ್ತಿತ್ತು, ಬೆಳಿಗ್ಗೆ ಬಂದರೆ ಮತ್ತೆ ಮೊದಲಿನ ಹಾಗೆ. ಇದೇಕೆ ಹೀಗೆ ಎಂದು ನನಗೆ ವಿಚಿತ್ರವೆನ್ನಿಸಿತು.

"ಅಕ್ಕ, ಸಂಜೆ ಮನೇಲಿ ಏನು ಮಾಡ್ತೀರಿ?" ಎಂದು ಕೇಳಿದೆ.

"ಏನ್ ಮಾಡ್ತೀನಿ, ಅಡಿಗೆ. ಆಮೇಲೆ ಹೂ ಕಟ್ತೀನಿ. ಮಾರಕ್ಕಲ್ಲ, ದೇವ್ರಿಗೆ, ನಂಗೆ, ವಠಾರದೋರಿಗೆ. ಕೂತ್ರೆ ಕೈ ಸುಮ್ನಿರಲ್ಲ."

ಹೇಳಿದ ಮೇಲೆ ಅವರೇ ತಮ್ಮ ಬೆರಳುಗಳನ್ನು ನೋಡಿಕೊಂಡರು. ಹಗಲು ಇಲ್ಲಿ ಕಲಿತದ್ದನ್ನು ಸಂಜೆ ಅಲ್ಲಿ ಬೆರಳು ಮರೆಯುತ್ತಿತ್ತು. ಇಬ್ಬರಿಗೂ ಒಟ್ಟಿಗೇ ತಿಳಿಯಿತು.

"ಹೂ ಕಟ್ಟೋದು ಬಿಡೋದೇನೂ ಬೇಡ ಅಕ್ಕ. ನಿಮಗೆ ಬೇರೆ ಕೆಲಸ ಕೇಳಿ ನೋಡ್ತೀನಿ, ಎಲೆ ಬಿಡಿಸೋದೋ, ಪ್ಯಾಕಿಂಗೋ," ಎಂದೆ. ಮನಸ್ಸಿಟ್ಟೇ ಹೇಳಿದೆ. ಆದರೆ ಎಲೆ ಬಿಡಿಸಲು, ಡಬ್ಬಿ ತುಂಬಲು ಮುಂದಿನ ಮಂಡಿಯಲ್ಲಿ ಆಗಲೇ ಜನರಿದ್ದರು, ಅದು ಅವರಿಗೂ ಗೊತ್ತಿತ್ತು.

"ಫುಟ್‌ಪಾತಲ್ಲಿ ಅಷ್ಟು ವರ್ಷ ಕೂತಿದೀನಿ ಮೇಡಂ. ಬಿಸ್ಲು ಮಳೆ ತಡ್ಕೊಬೋದು. ಹಗಲೆಲ್ಲ ನೀರು ಕುಡೀದೆ ಕೂರೋದಿದೆಯಲ್ಲ, ಎದ್ದೋಗಕ್ಕೆ ಜಾಗ ಇಲ್ದೆ, ಅದು ಆಗಲ್ಲ. ಇಲ್ಲಿ ಕುರ್ಚಿ ಐತೆ, ಕಕ್ಕಸೈತೆ. ನಂಗೆ ಈ ಕುರ್ಚಿ ಬೇಕು," ಎಂದರು.

ಅದಾದ ಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ನಾನು ದಿನಾ ಅವರ ಮಣೆಯಿಂದ ಒಂದಿಷ್ಟನ್ನು ಎತ್ತಿ ಪಂಪಿಗೆ ಹಿಡಿಯುತ್ತಿದ್ದೆ, ಅವರೂ ಎದ್ದು ಬಂದು ಪೈಪಿನತ್ತ ನೋಡುತ್ತಿದ್ದರು. ನೀರು ಏರುವುದು ಕಡಿಮೆಯಾಗುತ್ತ ಬಂತು. ಒಂದು ವಾರ ಕಳೆದು ಇನ್ನೊಂದು ವಾರದ ನಡುವೆ ಎಲ್ಲೋ ಬೆಳಗಿನ ಸಿಗಾರುಗಳೂ ಸರಿಹೋದವು. ಮಾತಾಡುತ್ತಲೇ ಸುತ್ತತೊಡಗಿದರು.

ಹೊಸ ಲಾಟು ಹೋಯಿತು. ಒಯ್ಯುವ ಮೊದಲು ಮ್ಯಾನೇಜರ್ ಡಬ್ಬಿಯ ಮಧ್ಯದಿಂದ ಒಂದನ್ನು ತಾವೇ ಎತ್ತಿ, ನಮ್ಮ ತಾರಸಿಯಲ್ಲೇ ನಿಂತು ಕೊನೆಯವರೆಗೂ ಸೇದಿ ಮುಗಿಸಿದ್ದರು. ನಾನು ಉರಿಯ ಗೆರೆಯನ್ನೇ ನೋಡುತ್ತಿದ್ದೆ. ಅರ್ಧ ದಾಟಿದಾಗ ಅವರಿಗೆ ಗೊತ್ತೇ ಆಗಲಿಲ್ಲ, ಫೋನಿನಲ್ಲಿ ಮಾತಾಡುತ್ತಿದ್ದರು. ಆ ಲಾಟಿನಿಂದ ಒಂದೂ ವಾಪಸ್ ಬರಲಿಲ್ಲ. ಮತ್ತೆ ಬೇಕೆಂದು ಹೇಳಿ ಕಳಿಸಿದರು. ಯಜಮಾನರು ಒಳಗೆ ಬಂದು, ಯಾರ ಮುಖವನ್ನೂ ನೇರ ನೋಡದೆ, "ಮಣೆ ಇರಲಿ," ಎಂದಷ್ಟೇ ಹೇಳಿ ಹೋದರು.

ಅದರ ಮುಂದಿನ ಶುಕ್ರವಾರ ಹೂವಿನಕ್ಕ ಸ್ವಲ್ಪ ತಡವಾಗಿ ಬಂದರು. ಮುಡಿಯಲ್ಲಿ ಮಲ್ಲಿಗೆ ಇತ್ತು. ಅವರು ಹಿಂದಿನಿಂದ ದಾಟಿ ಹೋಗುವಾಗ ನೋಡಿದೆ. ಮೊಗ್ಗುಗಳ ನಡುವೆ ದಾರ ಕಾಣುತ್ತಿತ್ತು. ಅವರು ಕಟ್ಟುವ ಹೂವಲ್ಲ ಅದು. ನಾನು ನೋಡಿದ್ದು ಅವರಿಗೆ ತಿಳಿಯಿತು.

"ಮಾರ್ಕೆಟ್ಟಲ್ಲಿ ತಗೊಂಡೆ ಮೇಡಂ," ಎಂದು ಮಣೆಯ ಮುಂದೆ ಕುಳಿತು ಎಲೆಯ ಕಟ್ಟು ಬಿಚ್ಚಿದರು. "ಮೊಳಾನೂ ಕಮ್ಮಿ ಹಾಕುದ್ಲು, ಕಟ್ಟಿರೋದೂ ಸಡಿಲ. ಏನೂ ಅನ್ಲಿಲ್ಲ ನಾನು. ಕೊಟ್ಟಷ್ಟು ಈಸ್ಕೊಂಡು ಬಂದೆ."